ಓಡುವ ನಾಯಿ, ಹಾರುವ ಕುದುರೆ: ಫೋಟೊ ತೆಗೆಯುವವರಿಗೊಂದು ಕೈಪಿಡಿ

ಓಡುವ ಕುದುರೆಯ ಫೋಟೊ ತೆಗೆದು ಅದನ್ನು ಸಾಕಿದವರಿಗೆ ತೋರಿಸಿ ನೋಡಿ. ಇಳಿಬಿಸಿಲು, ಎದ್ದ ಧೂಳು, ಹಿಂದಿನ ಮರಗಳ ಸಾಲು ಎಲ್ಲ ಚೆನ್ನಾಗಿ ಬಂದಿದೆ ಅಂತ ನಿಮಗೆ ಖುಷಿ. ಅವರ ಕಣ್ಣು ಮಾತ್ರ ನೇರವಾಗಿ ಕಾಲಿಗೆ ಹೋಗುತ್ತದೆ. ಆಮೇಲೆ ಕಿವಿಗೆ. ಕಾಲು ತಪ್ಪು ಗಳಿಗೆಯಲ್ಲಿ ಸಿಕ್ಕಿದ್ದರೆ, "ಯಾಕೋ ಕುಂಟುತ್ತಿರುವ ಹಾಗಿದೆಯಲ್ಲ" ಎಂದು ಫೋನ್ ವಾಪಸ್ ಕೊಡುತ್ತಾರೆ. ನಾಯಿ ಸಾಕಿದವರು ಇಷ್ಟು ನಿಷ್ಠುರವಾಗಿ ಹೇಳುವುದಿಲ್ಲ, ಆದರೆ ಏನೋ ಸರಿಯಿಲ್ಲ ಅಂತ ಅವರಿಗೂ ಗೊತ್ತಾಗುತ್ತದೆ.

ಹಾಗಾಗಿ ಇಲ್ಲಿ ಕಾಲು ಮೊದಲು, ಕ್ಯಾಮೆರಾ ಆಮೇಲೆ. ಸೆಕೆಂಡಿಗೆ ಇಪ್ಪತ್ತು ಫ್ರೇಮ್ ಹೊಡೆಯುವ ಕ್ಯಾಮೆರಾ ಇದ್ದರೆ ಸಾಕಲ್ವಾ ಅಂತ ಕೇಳಬಹುದು. ಸಾಲದು. ಹೊಲ, ಹುಲ್ಲುಗಾವಲುಗಳಲ್ಲಿ ಪ್ರಾಣಿ ನಿಮ್ಮ ಮುಂದೆ ಚೆನ್ನಾಗಿ ಹಾದುಹೋಗುವುದು ಎರಡು ಮೂರು ಸೆಕೆಂಡ್ ಮಾತ್ರ. ಎಲ್ಲಿ ನಿಲ್ಲಬೇಕು, ಯಾವಾಗ ಒತ್ತಬೇಕು ಎಂದು ಮೊದಲೇ ಗೊತ್ತಿರಬೇಕು.

ಕ್ಯಾಮೆರಾ ಇಲ್ಲದೆ ಶುರು ಮಾಡಿ

ಓಡುವ ಕುದುರೆಯ ನಾಲ್ಕೂ ಕಾಲು ಒಟ್ಟಿಗೇ ನೆಲ ಬಿಡುತ್ತವೆಯೇ ಎಂಬುದು ಹತ್ತೊಂಬತ್ತನೇ ಶತಮಾನದಲ್ಲಿ ದೊಡ್ಡ ಚರ್ಚೆಯಾಗಿತ್ತು. ಬರಿಗಣ್ಣಿಗೆ ಅದು ಕಾಣುವುದಿಲ್ಲ. ಚಿತ್ರಕಾರರು ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಪೂರ್ತಿ ಚಾಚಿಸಿ ಕುದುರೆಯನ್ನು ಗಾಳಿಯಲ್ಲಿ ತೇಲಿಸುತ್ತಿದ್ದರು. 1878ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕ ಓಟದ ದಾರಿಯ ಪಕ್ಕ ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು ಒಂದೊಂದು ಹಂತವನ್ನೂ ಹಿಡಿದ. ನಾಲ್ಕೂ ಕಾಲು ನೆಲ ಬಿಡುವುದು ನಿಜ ಅಂತ ಗೊತ್ತಾಯಿತು. ಆದರೆ ಅದು ಚಾಚಿದಾಗ ಅಲ್ಲ, ಕಾಲುಗಳು ಮಡಚಿ ಹೊಟ್ಟೆಯಡಿ ಸೇರಿದಾಗ.

ನಾಯಿಯ ವಿಷಯ ಬೇರೆ. ಗ್ರೇಹೌಂಡ್, ವಿಪೆಟ್‌ನಂತಹ ತೆಳ್ಳಗಿನ ಓಟದ ನಾಯಿಗಳು ಒಂದೇ ಹೆಜ್ಜೆಸುತ್ತಿನಲ್ಲಿ ಎರಡು ಸಲ ಗಾಳಿಯಲ್ಲಿರುತ್ತವೆ. ಒಮ್ಮೆ ಕಾಲುಗಳೆಲ್ಲ ಹೊಟ್ಟೆಯಡಿ ಸೇರಿದಾಗ, ಇನ್ನೊಮ್ಮೆ ಮೈ ಪೂರ್ತಿ ಚಾಚಿದಾಗ. ಚಿತ್ರಕಾರರು ಕುದುರೆಗೆ ಕೊಟ್ಟಿದ್ದ ಭಂಗಿ ನಿಜಕ್ಕೂ ನಾಯಿಯದ್ದು! ಆದ್ದರಿಂದ ನಾಯಿ ಓಡುವಾಗ ನಿಮಗೆ ಎರಡು ಒಳ್ಳೆಯ ಅವಕಾಶ ಸಿಗುತ್ತವೆ. ಕುದುರೆ ನಾಗಾಲೋಟದಲ್ಲಿ ಇರುವಾಗ ಚಾಚಿದ ಭಂಗಿ ಬೇಕೆಂದರೆ ಯಾವುದೋ ಒಂದು ಕಾಲು ನೆಲದ ಮೇಲೆ ಇದ್ದೇ ಇರುತ್ತದೆ. ಅದನ್ನು ಒಪ್ಪಿಕೊಂಡೇ ಒತ್ತಬೇಕು.

ಒಂದಿಷ್ಟು ದಿನ ಸುಮ್ನೆ ಬೇಲಿಗೆ ಒರಗಿ ನಿಂತು ನೋಡಿ, ಅದಕ್ಕಿಂತ ಜಾಸ್ತಿ ಕಿವಿಗೊಟ್ಟು ಕೇಳಿ. ಕುದುರೆಯ ನಡಿಗೆಗೆ ನಾಲ್ಕು ಸದ್ದು. ಟ್ರಾಟ್‌ಗೆ (ನಡಿಗೆಗಿಂತ ಜೋರಾದ ಕುಲುಕು ಓಟ) ಎರಡು, ಯಾಕಂದ್ರೆ ಎಡ ಮುಂಗಾಲು ಬಲ ಹಿಂಗಾಲಿನ ಜೊತೆ, ಬಲ ಮುಂಗಾಲು ಎಡ ಹಿಂಗಾಲಿನ ಜೊತೆ ಬೀಳುತ್ತದೆ. ಕ್ಯಾಂಟರ್‌ಗೆ (ಟ್ರಾಟ್‌ಗೂ ನಾಗಾಲೋಟಕ್ಕೂ ನಡುವಿನ ಓಟ) ಮೂರು ಸದ್ದು, ಆಮೇಲೆ ಒಂದು ಸಣ್ಣ ಮೌನ. ನಾಗಾಲೋಟಕ್ಕೆ ಮತ್ತೆ ನಾಲ್ಕು, ಆದರೆ ಒಂದರ ಬೆನ್ನಿಗೊಂದು. ಫೋನಿನ ಸ್ಲೋ ಮೋಷನ್‌ನಲ್ಲಿ ಒಂದು ಸುತ್ತು ಹಿಡಿದು ಮನೆಯಲ್ಲಿ ನಿಧಾನವಾಗಿ ನೋಡಿದರೆ ಇದು ಬೇಗ ತಲೆಗೆ ಹತ್ತುತ್ತದೆ.

ಯಾವ ಗಳಿಗೆ, ಯಾವ ಕಾಲು

ಟ್ರಾಟ್‌ನಲ್ಲಿ ಚೆನ್ನಾಗಿ ಕಾಣುವುದು ಒಂದು ಮುಂಗಾಲು ಪೂರ್ತಿ ಮುಂದೆ ಚಾಚಿ, ಅದರ ಜೊತೆಗಾರ ಹಿಂಗಾಲು ಹೊಟ್ಟೆಯಡಿ ಬಂದು, ನೆಲ ಮುಟ್ಟಲು ಇನ್ನೇನು ಸ್ವಲ್ಪ ಇದೆ ಎನ್ನುವಾಗ. ಇದನ್ನು ಹಿಡಿಯಲು ಕಾಲನ್ನೇ ದಿಟ್ಟಿಸಬೇಕಾಗಿಲ್ಲ, ಸವಾರನನ್ನು ನೋಡಿದರೆ ಸಾಕು. ಸುತ್ತು ಹಾಕುವಾಗ ಸವಾರರು ತಾಳಕ್ಕೆ ತಕ್ಕಂತೆ ಜೀನಿನಿಂದ ಎದ್ದು ಕೂರುತ್ತಾರಲ್ಲ, ಕಲಿತವರು ಬೇಲಿ ಕಡೆಯ ಮುಂಗಾಲು ಮುಂದೆ ಹೋಗುವಾಗ ಏಳುತ್ತಾರೆ. ನೀವು ಬೇಲಿಯ ಹೊರಗೆ ನಿಂತಿದ್ದರೆ ಸವಾರ ಮೇಲೆದ್ದಾಗ ಒತ್ತಿ. ನಿಮ್ಮ ಕಡೆಯ ಕಾಲು ಚಾಚಿರುತ್ತದೆ. ಅಂಗಳದ ಒಳಗೆ, ಸುತ್ತಿನ ನಡುವೆ ನಿಂತಿದ್ದರೆ ಸವಾರ ಕೂತಾಗ ಒತ್ತಿ.

ಕ್ಯಾಂಟರ್‌ನಲ್ಲಿ ಎದೆ ಮೇಲೆದ್ದ ಗಳಿಗೆ ಬೇಕು. ಹಿಂಗಾಲುಗಳ ಮೇಲೆ ಭಾರ, ಮುಂದಾಳು ಮುಂಗಾಲು (ಕೊನೆಗೆ ನೆಲ ಮುಟ್ಟುವುದು) ಗಾಳಿಯಲ್ಲಿ, ಕುತ್ತಿಗೆ ಮೇಲೆ. ಇದರ ತದ್ವಿರುದ್ಧ ಗಳಿಗೆಯೂ ಪ್ರತಿ ಸುತ್ತಿನಲ್ಲೂ ಬರುತ್ತದೆ: ಮೈಭಾರವೆಲ್ಲ ಒಂದೇ ಮುಂಗಾಲಿನ ಮೇಲೆ ಬಿದ್ದು, ತಲೆ ತಗ್ಗಿ, ಎಡವಿ ಬೀಳುತ್ತಿದೆಯೇನೋ ಎನ್ನಿಸುವಂಥದ್ದು. ಎಷ್ಟು ಒಳ್ಳೆಯ ಕುದುರೆಯಾದರೂ ಆ ಫ್ರೇಮ್‌ನಲ್ಲಿ ಕೆಟ್ಟದಾಗಿಯೇ ಕಾಣುತ್ತದೆ. ಅದನ್ನು ಯಾರಿಗೂ ತೋರಿಸಬೇಡಿ.

ಅಡ್ಡಗಂಬ ಹಾರುವಾಗ ಕೆಲಸ ಸುಲಭ, ಯಾಕಂದ್ರೆ ಕುದುರೆ ಎಲ್ಲಿಗೆ ಬರುತ್ತದೆ ಅಂತ ಮೊದಲೇ ಗೊತ್ತು. ಗಂಬದ ಮುಂಭಾಗಕ್ಕೆ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ, ಕುದುರೆ ಇಳಿಯುವ ಕಡೆ ದೂರದಲ್ಲಿ ನಿಲ್ಲಿ. ಗಂಬದ ಮೇಲಿನ ಕೋಲಿಗೆ ಫೋಕಸ್ ಮಾಡಿಕೊಳ್ಳಿ. ಮುಂದಿನ ಎರಡು ಮಂಡಿ ಒಂದೇ ಮಟ್ಟದಲ್ಲಿ ಮಡಚಿ ಎದೆಗೆ ಬಂದಾಗ ಒತ್ತಬೇಕು. ಅದು ಹಿಂಗಾಲು ನೆಲ ಬಿಟ್ಟ ಕೂಡಲೇ ಬರುತ್ತದೆ, ಕಂಡ ಮೇಲೆ ಒತ್ತಿದರೆ ತಡವಾಯಿತು ಅಂತಲೇ ಅರ್ಥ. ಗಂಬಕ್ಕೆ ಬರುವ ಕ್ಯಾಂಟರ್‌ನ ತಾಳವನ್ನು ಮನಸ್ಸಿನಲ್ಲೇ ಎಣಿಸುತ್ತ ಹೋದರೆ ಬೆರಳು ತಾನಾಗಿ ಸರಿಹೋಗುತ್ತದೆ.

ಎದುರಿಗೆ ಓಡಿಬರುವ ನಾಯಿಯಲ್ಲಿ ಎರಡೂ ಮುಂಗಾಲು ಮುಂದೆ ಬಂದು ಕಿವಿಗಳು ಮೇಲೆ ಹಾರಿದ ಗಳಿಗೆ ಚೆಂದ. ಕಾಲುಗಳೆಲ್ಲ ಅಡಿಯಲ್ಲಿ ಸೇರಿದಾಗ ಎದುರಿನಿಂದ ನೋಡಿದರೆ ಕಾಲೇ ಇಲ್ಲದ ನಾಯಿ ಕಾಣುತ್ತದೆ. ಅದೇ ಭಂಗಿ ಪಕ್ಕದಿಂದ ಮಾತ್ರ ಅದ್ಭುತ, ಬೆನ್ನು ಬಿಲ್ಲಿನಂತೆ ಬಾಗಿರುತ್ತದೆ.

ಷಟರ್ ಲೆಕ್ಕ

ಗಂಟೆಗೆ 60 ಕಿಲೊಮೀಟರ್ ವೇಗ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಓಟದ ಕುದುರೆಗಳೂ ಗ್ರೇಹೌಂಡ್‌ಗಳೂ ಈ ವೇಗ ಮುಟ್ಟುತ್ತವೆ. ಷಟರ್ 1/500 ಸೆಕೆಂಡಿನಲ್ಲಿದ್ದರೆ ಅದು ತೆರೆದಿರುವಷ್ಟು ಹೊತ್ತಿನಲ್ಲಿ ಮೈ ಮೂರು ಸೆಂಟಿಮೀಟರಿಗೂ ಜಾಸ್ತಿ ಮುಂದೆ ಹೋಗಿರುತ್ತದೆ. 1/2000ರಲ್ಲಿ ಒಂದು ಸೆಂಟಿಮೀಟರಿಗಿಂತ ಕಡಿಮೆ. ಮುಂದಕ್ಕೆ ಬೀಸುವ ಗೊರಸು, ಪಂಜ ಇವು ಮೈಗಿಂತ ಜೋರಾಗಿ ಚಲಿಸುತ್ತವೆ ಎಂಬುದನ್ನೂ ಸೇರಿಸಿಕೊಳ್ಳಿ.

ನನ್ನ ರೂಢಿ ಹೀಗೆ: ಟ್ರಾಟ್‌ಗೆ 1/800, ಕ್ಯಾಂಟರ್ ಮತ್ತು ಹಾರುವುದಕ್ಕೆ 1/1000ದಿಂದ 1/1600, ಓಡುವ ನಾಯಿಗೆ 1/2000 ಅಥವಾ ಅದಕ್ಕೂ ಮೇಲೆ. ನಾಯಿ ಚಿಕ್ಕದಾದಷ್ಟೂ ಕಾಲು ಬೇಗ ಆಡುತ್ತದೆ, ಹತ್ತಿರವೂ ಬರುತ್ತದೆ, ಅದಕ್ಕೇ ಜಾಸ್ತಿ ವೇಗ ಬೇಕು. ಮೋಡ ಕವಿದು ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 3200, 6400 ಆದರೂ ಹೆದರಬೇಡಿ. ಕಾಳುಕಾಳಾದ ಫೋಟೊವನ್ನು ಆಮೇಲೆ ಎಷ್ಟೋ ಸರಿಮಾಡಬಹುದು. ಕಲಸಿಹೋದ ಕಣ್ಣನ್ನು ಸರಿಮಾಡಲು ಆಗುವುದಿಲ್ಲ.

ಅಪರ್ಚರ್ (ಲೆನ್ಸ್‌ನಲ್ಲಿ ಬೆಳಕು ಬರುವ ಕಿಂಡಿ) ಎಫ್/4 ಅಥವಾ ಎಫ್/5.6 ಇರಲಿ. ದುಬಾರಿ ಲೆನ್ಸ್ ಕೊಂಡವರಿಗೆ ಎಫ್/2.8 ಬಿಡಲು ಮನಸ್ಸು ಬರುವುದಿಲ್ಲ, ಗೊತ್ತು. ಆದರೆ ಕಿಂಡಿ ಅಷ್ಟು ಅಗಲ ತೆರೆದರೆ ಸ್ಪಷ್ಟವಾಗಿ ಬರುವ ಆಳ ಕಡಿಮೆ, ಉದ್ದ ಮೂತಿಯ ನಾಯಿ ಹತ್ತಿರ ಬಂದಾಗ ಮೂಗು ಸ್ಪಷ್ಟ, ಕಣ್ಣು ಮಂಜು ಆಗುತ್ತದೆ. ಷಟರ್ ಮತ್ತು ಅಪರ್ಚರ್ ಮ್ಯಾನ್ಯುಯಲ್‌ನಲ್ಲಿ ಕಟ್ಟಿಹಾಕಿ, ಐಎಸ್ಒ ಮಾತ್ರ ಆಟೋದಲ್ಲಿ ಬಿಟ್ಟರೆ ಮರದ ನೆರಳಿನಿಂದ ಬಿಸಿಲಿಗೆ ಓಡುವ ಪ್ರಾಣಿಯ ಹಿಂದೆ ನೀವು ಬಟನ್ ತಿರುಗಿಸುತ್ತ ಕೂರಬೇಕಿಲ್ಲ.

ಹಾಗೆ ಬಿಟ್ಟಾಗ ಕ್ಯಾಮೆರಾ ಒಂದು ವಿಷಯದಲ್ಲಿ ಮೋಸ ಹೋಗುತ್ತದೆ. ಫ್ರೇಮ್ ತುಂಬ ಕಪ್ಪು ನಾಯಿ ಇದ್ದರೆ ಬೆಳಕು ಕಡಿಮೆಯಿದೆ ಎಂದುಕೊಂಡು ಅದನ್ನು ಬೂದು ಮಾಡುತ್ತದೆ. ಬಿಳಿ ಕುದುರೆಯನ್ನೂ ಬೂದು ಮಾಡುತ್ತದೆ. ಕ್ಯಾಮೆರಾದ ಬೆಳಕಿನ ಲೆಕ್ಕವನ್ನು (ಎಕ್ಸ್‌ಪೋಷರ್ ಕಾಂಪನ್ಸೇಷನ್) ಕಪ್ಪಿಗೆ ಮುಕ್ಕಾಲು ಸ್ಟಾಪಿನಷ್ಟು ಇಳಿಸಿ, ಬಿಳಿಗೆ ಅಷ್ಟೇ ಏರಿಸಿ, ಹಿಸ್ಟೋಗ್ರಾಮ್ (ಬೆಳಕು-ಕತ್ತಲ ಹಂಚಿಕೆ ತೋರಿಸುವ ನಕ್ಷೆ) ನೋಡಿಕೊಳ್ಳಿ. ಕಪ್ಪು ನಾಯಿಗೆ ನೆತ್ತಿಯ ಬಿಸಿಲು ಆಗಿಬರುವುದಿಲ್ಲ, ಕೂದಲ ಹೊಳಪು ಬೆಳ್ಳಗಾಗಿ ಕಣ್ಣು ಕತ್ತಲಲ್ಲಿ ಹೋಗುತ್ತದೆ. ತೆಳುಮೋಡದ ದಿನ ಅದಕ್ಕೆ ಹೇಳಿ ಮಾಡಿಸಿದ್ದು.

ಇನ್ನೊಂದು ಸಣ್ಣ ಎಚ್ಚರಿಕೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರ್ ಕುದುರೆಗೆ ಒಳ್ಳೆಯದೇ, ಆದರೆ ಬಹಳಷ್ಟು ಕ್ಯಾಮೆರಾಗಳಲ್ಲಿ ಅದು ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ಜೋರಾಗಿ ಓಡುವ ಕಾಲು ಓರೆಯಾಗಿ ಬರುತ್ತದೆ. ಅನುಮಾನವಿದ್ದರೆ ಮೆಕಾನಿಕಲ್ ಷಟರ್ ಬಳಸಿ.

ಫೋಕಸ್

ನಿರಂತರ ಫೋಕಸ್ ಮೋಡ್ ಹಾಕಿ. ಹೊಸ ಕ್ಯಾಮೆರಾಗಳು ಪ್ರಾಣಿಯ ಕಣ್ಣನ್ನು ತಾವಾಗಿ ಹುಡುಕುತ್ತವೆ, ಇದ್ದರೆ ಬಳಸಿಕೊಳ್ಳಿ. ಆದರೆ ಕಣ್ಣ ಮೇಲೆ ಕೂದಲು ಬಿದ್ದ ನಾಯಿ, ಮುಖದ ತುಂಬ ಪಟ್ಟಿ ಕಟ್ಟಿದ ಕುದುರೆ, ಅದರ ಮೇಲೊಬ್ಬ ಸವಾರ, ಇಷ್ಟೆಲ್ಲ ಇದ್ದಾಗ ಕ್ಯಾಮೆರಾ ಗೊಂದಲಕ್ಕೆ ಬೀಳುತ್ತದೆ. ಅಂಥ ಹೊತ್ತಿಗೆ ಚಿಕ್ಕ ವಲಯದ ಫೋಕಸ್‌ಗೆ ಒಂದೇ ಬಟನ್‌ನಲ್ಲಿ ಬದಲಾಗುವಂತೆ ಮೊದಲೇ ಹೊಂದಿಸಿಕೊಂಡಿರಿ. ಫೋಕಸ್ ಕೆಲಸವನ್ನು ಹಿಂಬದಿಯ ಬಟನ್‌ಗೆ ಕೊಟ್ಟು, ಷಟರ್ ಬಟನ್‌ಗೆ ಬರೀ ಒತ್ತುವ ಕೆಲಸ ಬಿಟ್ಟರೆ ಗಂಬ ಹಾರಿಸುವ ಆಟದಲ್ಲಿ ತುಂಬ ಉಪಯೋಗ.

ನಾಯಿ ಓಡಿಬರುವ ಚಿತ್ರಕ್ಕೆ ಹೀಗೆ ಮಾಡಿ. ಸಾಕಿದವರನ್ನು ನಿಮ್ಮ ಬೆನ್ನ ಹಿಂದೆ, ಸ್ವಲ್ಪ ಪಕ್ಕಕ್ಕೆ ನಿಲ್ಲಿಸಿ. ಇನ್ನೊಬ್ಬರು ನಾಯಿಯನ್ನು ಮೂವತ್ತು ನಲವತ್ತು ಮೀಟರ್ ದೂರದಲ್ಲಿ ಹಿಡಿದಿರಲಿ. ಸಾಕಿದವರು ಕರೆಯುತ್ತಾರೆ, ಹಿಡಿದವರು ನಾಯಿ ಬಿಡುತ್ತಾರೆ. ಬಿಟ್ಟ ಕೂಡಲೇ ಬರ್ಸ್ಟ್ (ಎಡೆಬಿಡದೆ ಒಂದರ ಹಿಂದೊಂದು ತೆಗೆಯುವುದು) ಶುರು ಮಾಡಬೇಡಿ, ಬಫರ್ (ಕ್ಯಾಮೆರಾದ ತಾತ್ಕಾಲಿಕ ನೆನಪು) ತುಂಬಿ ಬೇಕಾದ ಹೊತ್ತಿಗೆ ಕ್ಯಾಮೆರಾ ಕೈಕೊಡುತ್ತದೆ. ಮೊದಲು ಫೋಕಸ್ ಹಿಡಿದುಕೊಂಡು ಬನ್ನಿ, ನಡುವಿನ ಹತ್ತಿಪ್ಪತ್ತು ಮೀಟರಲ್ಲಿ ಒತ್ತಿ. ಕೊನೆಯ ನಾಲ್ಕೈದು ಮೀಟರಲ್ಲಿ ಯಾವ ಕ್ಯಾಮೆರಾಕ್ಕೂ ಕಷ್ಟ. ಅಲ್ಲಿ ನಿಮ್ಮ ಕೆಲಸ ಲೆನ್ಸನ್ನು ನಾಲಿಗೆಯಿಂದ ಕಾಪಾಡುವುದು.

ಅಂದ ಹಾಗೆ, ಆಟದ ಚೆಂಡು ಕೆಂಪಾಗಿದ್ದರೆ ಹಸಿರು ಹುಲ್ಲಿನಲ್ಲಿ ನಾಯಿಗೆ ಅದು ಸರಿಯಾಗಿ ಕಾಣುವುದಿಲ್ಲ. ನಾಯಿಗಳು ನೀಲಿ ಮತ್ತು ಹಳದಿಯನ್ನು ಚೆನ್ನಾಗಿ ಗುರುತಿಸುತ್ತವೆ. ನೀಲಿ ಚೆಂಡು ಇಟ್ಟುಕೊಳ್ಳಿ. ಕೀಚುಗುಡುವ ಆಟಿಕೆಯನ್ನು ಜೇಬಿನಲ್ಲೇ ಇಟ್ಟುಕೊಂಡು ತೀರಾ ಬೇಕಾದಾಗ ಒಂದು ಸಲ ಒತ್ತಿ. ಮೂರನೇ ಸಲಕ್ಕೆ ಅದರ ಮೋಡಿ ಮುಗಿದಿರುತ್ತದೆ.

ಎತ್ತರ ಮತ್ತು ದೂರ

ನಾಯಿಯ ಕಣ್ಣಿನ ಮಟ್ಟಕ್ಕೆ ಇಳಿಯಲೇಬೇಕು. ಹುಲ್ಲಿನ ಮೇಲೆ ಬೋರಲು ಮಲಗಿ, ಇಲ್ಲವೇ ಕ್ಯಾಮೆರಾದ ಪರದೆಯನ್ನು ಮೇಲಕ್ಕೆ ತಿರುಗಿಸಿಕೊಂಡು ಕ್ಯಾಮೆರಾವನ್ನು ನೆಲಕ್ಕಿಡಿ. ನಿಂತು ತೆಗೆದರೆ ನಾಯಿ ಗಿಡ್ಡವಾಗಿ, ಹಿನ್ನೆಲೆ ಪೂರ್ತಿ ಹುಲ್ಲಾಗಿ ಬರುತ್ತದೆ. ಮಲಗಿದರೆ ಹುಲ್ಲಿನ ತುದಿಗಳು ಮುಂದೆ ಮಸುಕಾಗಿ, ದೂರದ ಮರಗಳು ಹಿಂದೆ ಮಸುಕಾಗಿ, ನಡುವೆ ನಾಯಿಯೊಂದೇ ಎದ್ದು ಕಾಣುತ್ತದೆ.

ಕುದುರೆಗೆ ಅದರ ಎದೆಯ ಮಟ್ಟ ಸರಿ, ಅಂದರೆ ಕೊಂಚ ಮಂಡಿ ಬಗ್ಗಿಸಿ ನಿಂತರಾಯಿತು. ಬಿಟ್ಟ ಕುದುರೆಗಳಿರುವ ಗದ್ದೆಯಲ್ಲಿ ಯಾವತ್ತೂ ಮಲಗಬೇಡಿ. ಹತ್ತಿರದಿಂದ ವೈಡ್ ಲೆನ್ಸ್‌ನಲ್ಲಿ ತೆಗೆದರೆ ಕುದುರೆಗೆ ದೊಡ್ಡ ತಲೆ, ಸಣ್ಣ ಹಿಂಬದಿ ಬರುತ್ತದೆ. 135 ಮಿಲಿಮೀಟರ್‌ಗಿಂತ ಉದ್ದದ ಲೆನ್ಸ್‌ನಲ್ಲಿ ದೂರ ನಿಂತು ತೆಗೆದರೆ ಮೈಯ ಅಳತೆ ನಿಜದಂತೆ ಕಾಣುತ್ತದೆ. 70-200 ಒಂದೇ ಲೆನ್ಸ್ ಇದ್ದರೂ ಈ ಕೆಲಸದ ಬಹುಪಾಲು ನಡೆಯುತ್ತದೆ. ದೊಡ್ಡ ಬಯಲಾದರೆ 100-400 ಅನುಕೂಲ.

ಕಿವಿ ಹಿಂದಕ್ಕೆ ಮಲಗಿದ ಕುದುರೆ ಸಿಟ್ಟಿನಲ್ಲಿರುವಂತೆ ಕಾಣುತ್ತದೆ. ಕಿವಿ ಮುಂದೆ ಬರಲು ಒಬ್ಬರು ನಿಮ್ಮಿಂದ ಸ್ವಲ್ಪ ಆಚೆ ನಿಂತು ಬಕೆಟ್‌ನಲ್ಲಿ ಕಾಳು ಅಲುಗಾಡಿಸಲಿ. ಫೋನ್‌ನಲ್ಲಿ ಬೇರೊಂದು ಕುದುರೆಯ ಕೆನೆತ ಕೇಳಿಸುವುದೂ ಉಂಟು. ಅದನ್ನು ಜೊತೆಗೆ ಬೇರೆ ಕುದುರೆಗಳಿದ್ದಾಗ ಮಾಡಬೇಡಿ, ಇಡೀ ಲಾಯವೇ ಉತ್ತರ ಕೊಡಲು ಶುರುಮಾಡುತ್ತದೆ.

ಮೈಮೇಲೆ ಎಚ್ಚರ ಇರಲಿ

ಕುದುರೆಗೆ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಕಾಣದಿರುವುದು ಹಣೆಯ ಎದುರಿಗಿರುವ ಸ್ವಲ್ಪ ಜಾಗ ಮತ್ತು ಬಾಲದ ಹಿಂದೆ. ಹಿಂದಿನಿಂದ ಸದ್ದಿಲ್ಲದೆ ಹೋದವರಿಗೆ ಒದೆ ಬೀಳುವುದು ಅದಕ್ಕೇ. ಭುಜದ ಕಡೆಯಿಂದ, ಮಾತಾಡುತ್ತ ಹೋಗಿ. ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟಾಗ ದೂರದ ಅಂದಾಜು ತಪ್ಪುತ್ತದೆ, ಕುದುರೆ ಇನ್ನೂ ದೂರವಿದೆ ಅನ್ನಿಸುವಾಗ ಅದು ಹತ್ತಿರವೇ ಬಂದಿರುತ್ತದೆ. ಬೇಲಿಯ ಹೊರಗೆ ನಿಲ್ಲುವುದು ಉತ್ತಮ. ಒಳಗೆ ಹೋಗಲೇಬೇಕಾದರೆ ಗಟ್ಟಿ ಕಂಬದ ಪಕ್ಕ ನಿಲ್ಲಿ, ಇನ್ನೊಬ್ಬರು ನಿಮ್ಮ ಬೆನ್ನು ಕಾಯುತ್ತಿರಲಿ.

ಫ್ಲಾಷ್ ಬೇಡ. ಡ್ರೋನ್ ಅಂತೂ ಬೇಡವೇ ಬೇಡ, ಸವಾರರಿರುವಾಗ ಅದು ಅಪಾಯ. ಮಳೆಗೆ ಕ್ಯಾಮೆರಾದ ಮೇಲೆ ಹಾಕುವ ಪ್ಲಾಸ್ಟಿಕ್ ಹೊದಿಕೆಯ ಪರಪರ ಸದ್ದಿಗೇ ಬೆಚ್ಚಿ ಜಿಗಿಯುವ ಕುದುರೆಗಳಿವೆ. ಬಟ್ಟೆಯ ಹೊದಿಕೆ ತರಿಸಿಕೊಳ್ಳಿ, ಛತ್ರಿಯನ್ನು ಗಾಡಿಯಲ್ಲೇ ಬಿಡಿ.

ಕುರಿ ಕಾಯುವ ನಾಯಿಯ ಕೆಲಸ ತೆಗೆಯುವುದಾದರೆ ಬೇರೆ ಶಿಸ್ತು ಬೇಕು. ಆ ನಾಯಿ ಕುರಿಗಳ ಮೇಲೆ ಕಣ್ಣು ನೆಟ್ಟು, ತಗ್ಗಿ, ಹೆಜ್ಜೆ ಅಳೆದು ನಡೆಯುತ್ತದೆ. ನೀವು ಹಿಂಡಿನ ದಾರಿಯಲ್ಲಿ ನಿಂತರೆ ಕುರಿಗಳು ನಿಮ್ಮನ್ನು ಕಂಡು ಬೇರೆ ಕಡೆ ತಿರುಗುತ್ತವೆ, ನಾಯಿಯ ಅಷ್ಟೂ ಶ್ರಮ ಮಣ್ಣುಪಾಲು. ಹಿಂಡನ್ನು ಯಾವ ಕಡೆಗೆ ತರುತ್ತೀರಿ ಎಂದು ಕುರುಬರನ್ನು ಮೊದಲೇ ಕೇಳಿ, ಅವರು ತೋರಿಸಿದಲ್ಲಿ ಕೂತು, ಅಲ್ಲಾಡದೆ ಇರಿ. ನಾಯಿಯನ್ನು ಹೆಸರು ಹಿಡಿದು ಕರೆಯಬೇಡಿ, ಶಿಳ್ಳೆಯಂತೂ ಹಾಕಲೇಬೇಡಿ. ಈ ನಾಯಿಗಳ ಒಳ್ಳೆಯ ಚಿತ್ರ ಓಟದಲ್ಲಿ ಇರುವುದು ಕಡಿಮೆ. ಒಂದು ಮುಂಗಾಲು ಎತ್ತಿ, ನೆಲಕ್ಕಿಡಲೋ ಬೇಡವೋ ಎಂದು ಹಾಗೇ ತಡೆದು ನಿಲ್ಲುತ್ತದಲ್ಲ, ಅಲ್ಲಿದೆ.

ಪ್ರಾಣಿ ದಣಿದಿದೆಯೇ ನೋಡುತ್ತಿರಿ. ನಾಲಿಗೆ ಅಗಲವಾಗಿ ಹೊರಬಿದ್ದು ತುದಿ ಸುರುಳಿಯಾದರೆ ನಿಲ್ಲಿಸಿ, ನೀರು ಕೊಡಿಸಿ. ಮೋಟು ಮೂತಿಯ ನಾಯಿಗಳು ಬೇಗ ಕಾವೇರುತ್ತವೆ, ಬಿಸಿಲಿನಲ್ಲಿ ಅವನ್ನು ಓಡಿಸಲೇಬಾರದು. ಮರಿಗಳನ್ನು ಎತ್ತರದಿಂದ ಹಾರಿಸಬೇಡಿ. "ಇನ್ನೊಂದೇ ಸಲ" ಅಂತ ಫೋಟೊದವರು ಹೇಳುವುದು ಯಾವತ್ತೂ ಒಂದೇ ಸಲಕ್ಕೆ ಮುಗಿಯುವುದಿಲ್ಲ, ನಿಮಗೇ ಗೊತ್ತಲ್ಲ.

ಗೇಟು ಮುಚ್ಚಿದ್ದರೆ ಮುಚ್ಚಿಯೇ ಬಿಡಿ, ತೆರೆದಿದ್ದರೆ ತೆರೆದೇ ಬಿಡಿ.

ಪ್ಯಾನಿಂಗ್

ಎಲ್ಲವನ್ನೂ ಕಲ್ಲಿನಂತೆ ನಿಲ್ಲಿಸಿದರೆ ಓಟದ ರಭಸ ಹೋಗುತ್ತದೆ. ಬೇಕಾದ ಫೋಟೊಗಳು ಕೈಗೆ ಬಂದ ಮೇಲೆ ಷಟರನ್ನು 1/60ಕ್ಕೆ ಇಳಿಸಿ, ಪ್ರಾಣಿಯ ಜೊತೆಗೇ ಕ್ಯಾಮೆರಾ ತಿರುಗಿಸುತ್ತ ತೆಗೆಯಿರಿ. ಇದೇ ಪ್ಯಾನಿಂಗ್. ನಿಮ್ಮ ಮುಂದೆ ಅಡ್ಡಲಾಗಿ ಹೋಗುವ ಪ್ರಾಣಿ ಬೇಕು. ಪಾದಗಳನ್ನು ಅದು ಹೋಗುವ ಕೊನೆಯ ಕಡೆಗೆ ತಿರುಗಿಸಿ ನಿಂತು, ಸೊಂಟದಿಂದ ಮೇಲೆ ಮಾತ್ರ ಬರುವ ಕಡೆಗೆ ತಿರುಗಿ. ಪ್ರಾಣಿಯ ಜೊತೆಗೇ ಬಿಚ್ಚಿಕೊಳ್ಳುತ್ತ ಬನ್ನಿ, ಒತ್ತಿದ ಮೇಲೂ ಕೈ ನಿಲ್ಲಿಸಬೇಡಿ. ಲೆನ್ಸ್‌ನಲ್ಲಿ ಪ್ಯಾನಿಂಗ್‌ಗೆಂದೇ ಬೇರೆ ಸ್ಟೆಬಿಲೈಸರ್ ಮೋಡ್ ಇದ್ದರೆ ಅದನ್ನು ಹಾಕಿ. ನಾಯಿಗಿಂತ ಕುದುರೆ ಸುಲಭ, ಅದರ ತಲೆ ಅಷ್ಟಾಗಿ ಕುಣಿಯುವುದಿಲ್ಲ. ಹತ್ತರಲ್ಲಿ ಒಂಬತ್ತು ಹಾಳಾಗುತ್ತವೆ, ಅದಕ್ಕೆ ಬೇಜಾರು ಬೇಡ.

ಇದನ್ನು ಕೆಲಸವಾಗಿ ಮಾಡುವುದಾದರೆ

ಸಣ್ಣ ಸ್ಪರ್ಧೆಗಳಿಂದ ಶುರು ಮಾಡಿ. ಆಯೋಜಕರನ್ನು ವಾರ ಮುಂಚೆಯೇ ಕೇಳಿ, ಎಲ್ಲಿ ನಿಲ್ಲಬಹುದು ಎಂದು ಬರಹದಲ್ಲಿ ತೆಗೆದುಕೊಳ್ಳಿ. ಬೇರೆ ಫೋಟೊದವರಿಗೆ ಮೊದಲೇ ಒಪ್ಪಿಗೆ ಕೊಟ್ಟಿದ್ದರೆ ಅಲ್ಲಿ ಮಾರಾಟಕ್ಕೆ ಇಳಿಯಬೇಡಿ. ಸ್ಪರ್ಧಿ ಅಂಗಳಕ್ಕೆ ಬಂದ ಕೂಡಲೇ ಎದೆಯ ಸಂಖ್ಯೆ ಕಾಣುವಂತೆ ಒಂದು ಫೋಟೊ ತೆಗೆಯಿರಿ. ಸಂಜೆ ಸಾವಿರಾರು ಫೋಟೊಗಳ ಮುಂದೆ ಕೂತಾಗ ಯಾವ ಕಂದು ಕುದುರೆ ಯಾರದ್ದು ಅಂತ ಹುಡುಕುವ ಪಾಡು ತಪ್ಪುತ್ತದೆ.

ದರ ಇಡುವಾಗ ಒತ್ತಿದ ಗಂಟೆಗಳನ್ನಷ್ಟೇ ಎಣಿಸಬೇಡಿ. ಹಳ್ಳಿಗಾಡಿನ ಕೆಲಸದಲ್ಲಿ ದಾರಿಯೇ ಅರ್ಧ ದಿನ ತಿನ್ನುತ್ತದೆ, ಆರಿಸುವುದು ಉಳಿದರ್ಧ. ಫೋಟೊ ಎಷ್ಟು, ಯಾವಾಗ, ಯಾವುದಕ್ಕೆ ಬಳಸಬಹುದು, ಮಳೆ ಬಂದರೆ ಏನು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಹೊರಡುವಾಗ ಎರಡು ಬ್ಯಾಟರಿ ಜಾಸ್ತಿ ಇರಲಿ, ಎರಡು ಕಾರ್ಡ್‌ಗೂ ಒಟ್ಟಿಗೆ ಬರೆಯುವಂತೆ ಹೊಂದಿಸಿ, ಜಾಗದ ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ. ಅಲ್ಲಿ ನೆಟ್‌ವರ್ಕ್ ಸಿಗುತ್ತದೆಂಬ ಭರವಸೆ ಬೇಡ. ವಾಪಸ್ ಬಂದ ಮೇಲೆ ಮೈಮೇಲೆ ಉಣ್ಣಿ (ರಕ್ತ ಹೀರುವ ಹುಳು) ಹತ್ತಿದೆಯೇ ನೋಡಿಕೊಳ್ಳಿ, ಹುಲ್ಲಿನಲ್ಲಿ ಮಲಗಿದವರಿಗೆ ಇದು ತಪ್ಪಿದ್ದಲ್ಲ.

ಆರಿಸುವಾಗ ಮೂರು ಸುತ್ತು. ಮೊದಲ ಸುತ್ತಿನಲ್ಲಿ ಕಾಲು ಮಾತ್ರ ನೋಡಿ, ಕೆಟ್ಟ ಗಳಿಗೆಯದ್ದನ್ನೆಲ್ಲ ತೆಗೆಯಿರಿ. ಎರಡನೆಯದರಲ್ಲಿ ಕಣ್ಣು, ಕಿವಿ. ಮೂರನೆಯದರಲ್ಲಿ ಸವಾರನ ಮುಖ. ಕುದುರೆ ದೇವತೆಯಂತೆ ಕಂಡರೂ ಮೇಲಿನವರು ಹಲ್ಲು ಕಚ್ಚಿ ಮುಖ ಕಿವುಚಿದ್ದರೆ ಅದನ್ನು ಅವರು ಕೊಳ್ಳುವುದಿಲ್ಲ. ನಾಯಿಯ ಹಗ್ಗ ಅಳಿಸಬೇಕಿದ್ದರೆ ಸ್ಥಳದಲ್ಲೇ ನಾಯಿ ಇಲ್ಲದ ಖಾಲಿ ಹಿನ್ನೆಲೆಯ ಫೋಟೊ ಒಂದು ತೆಗೆದಿಟ್ಟುಕೊಳ್ಳಿ, ಕಂಪ್ಯೂಟರ್‌ನಲ್ಲಿ ಆ ಜಾಗ ತುಂಬಲು ಅದು ಸಾಕು. ಆದರೆ ಮಾರಾಟಕ್ಕಿರುವ ಕುದುರೆಯ ಬೆನ್ನು, ಕಾಲು ತಿದ್ದಿ ಕೊಡಿ ಎಂದು ಕೇಳಿದರೆ ಒಪ್ಪಬೇಡಿ. ಕೊಳ್ಳುವವರು ಆ ಫೋಟೊ ನಂಬಿ ಅಷ್ಟು ದೂರದಿಂದ ಬರುತ್ತಾರೆ.

ಅದೇ ರಾತ್ರಿ ನಾಲ್ಕೈದು ಸಣ್ಣ ಫೋಟೊ ಕಳಿಸಿಬಿಡಿ. ಗೆದ್ದ ದಿನದ ಬಿಸಿ ಎರಡೇ ದಿನದಲ್ಲಿ ಆರುತ್ತದೆ, ಆಮೇಲೆ ಕೇಳುವವರು ಕಡಿಮೆ. ಫೈಲಿಗೆ ಪ್ರಾಣಿಯ ಹೆಸರು, ದಿನಾಂಕ, ಸ್ಥಳ ಸೇರಿಸಿ ಎರಡು ಕಡೆ ಇಡಿ, ಅದರಲ್ಲಿ ಒಂದು ಮನೆಯ ಹೊರಗಿರಲಿ. ನಾಯಿಗಳ ಆಯಸ್ಸು ಚಿಕ್ಕದು. ಎಷ್ಟೋ ವರ್ಷದ ಮೇಲೆ ಯಾರಾದರೂ ಹಳೆಯ ಫೋಟೊ ಇದೆಯೇ ಎಂದು ಕೇಳಿಕೊಂಡು ಬಂದಾಗ ಹೆಸರು ಹಾಕಿ ಹುಡುಕಿದರೆ ಸಿಗುವಂತಿರಬೇಕು.